ಪಾರಿವಾಳ ಬಾರದ ಬಾಲ್ಕನಿಗೆ ಗುಬ್ಬಿ ಬಂದದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಗುಬ್ಬಿ ಬರಲ್ಲ, ಕಾಳು ಇಟ್ಟರೆ ಬರೋದು ಪಾರಿವಾಳ ಮಾತ್ರ ಅಂತ ನನಗೆ ಹೇಳದವರೇ ಇಲ್ಲ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಬೈನಾಕ್ಯುಲರ್ ಹಾಕಿಕೊಂಡು ಓಡಾಡುವ ಗೆಳೆಯರೂ ಅದನ್ನೇ ಹೇಳಿದ್ದರು. ಈಗ ನಮ್ಮ ಮೂರನೇ ಮಹಡಿಗೆ ದಿನಾ ಇಪ್ಪತ್ತೈದು ಮೂವತ್ತು ಗುಬ್ಬಿ ಬರುತ್ತವೆ. ಪಾರಿವಾಳ ಒಂದೂ ಕೂರುವುದಿಲ್ಲ. ಅದೇ ಗೆಳೆಯರಲ್ಲಿ ಇಬ್ಬರು ಬಂದು, ಟೀ ಕುಡಿದು, ಫೋಟೊ ಹೊಡೆದುಕೊಂಡು ಹೋದರು. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನಮ್ಮದು ನಿಟ್ಟುವಳ್ಳಿ ಕಡೆಯ ಹಳೇ ಕಟ್ಟಡ. ಬಾಲ್ಕನಿ ಪೂರ್ವಕ್ಕಿದೆ. ಹತ್ತಡಿ ಉದ್ದ, ನಾಲ್ಕಡಿ ಅಗಲ ಇರಬಹುದು. ಎದುರಿಗೆ ಖಾಲಿ ಸೈಟು, ಅದರ ತುಂಬ ಜಾಲಿ ಪೊದೆ, ಮೂಲೆಯಲ್ಲಿ ಒಂದು ಹೊಂಗೆ ಮರ. ಆ ಪೊದೆಯಲ್ಲಿ ಗುಬ್ಬಿಗಳು ಸಂಜೆ ಸಂತೆ ನಡೆಸುವುದು ನನಗೆ ಕೇಳುತ್ತಿತ್ತು. ಇಷ್ಟು ಹತ್ತಿರ ಇರುವ ಹಕ್ಕಿ ಮೇಲೆ ಯಾಕೆ ಬರಲ್ಲ ಅನ್ನುವ ಹಟವೇ ಇದಕ್ಕೆಲ್ಲ ಕಾರಣ. ಸುತ್ತ ಪೊದೆ, ಮರ, ಹಳೇ ಹೆಂಚಿನ ಮನೆ ಏನೂ ಇಲ್ಲದವರು ಇದನ್ನೆಲ್ಲ ಮಾಡಿ ನನ್ನನ್ನು ಬೈಯಬೇಡಿ.

ಮೊದಲ ವರ್ಷ ದುಡ್ಡು ಹೋದ ದಾರಿ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಫೀಡರ್ ತರಿಸಿದೆ, ನಾನೂರೈವತ್ತು ರೂಪಾಯಿ. ಅದರ ಕೆಳಗಿನ ತಟ್ಟೆಯ ಮೇಲೆ ಪಾರಿವಾಳ ಕೂತು ಎರಡೇ ದಿನಕ್ಕೆ ಖಾಲಿ ಮಾಡಿತು. ಅದಕ್ಕಿಂತ ಚಿಕ್ಕ ತಟ್ಟೆಯದು ಇನ್ನೊಂದು ತರಿಸಿದೆ. ಪಾರಿವಾಳ ರೆಕ್ಕೆ ಬಡಿದು ಅಲ್ಲಾಡಿಸುತ್ತದೆ, ಕಾಳು ಕೆಳಗೆ ಉದುರುತ್ತದೆ, ನೆಲದಲ್ಲಿ ಅದರ ನೆಂಟರು ಕಾದಿರುತ್ತಾರೆ. ನೀರಿನ ಬಾಟಲಿಗೆ ಮರದ ಚಮಚ ಸಿಕ್ಕಿಸುವ ಉಪಾಯ ನೀವೂ ವಿಡಿಯೊದಲ್ಲಿ ನೋಡಿರುತ್ತೀರಿ. ಅದನ್ನೂ ಮಾಡಿದೆ, ಮಳೆಗಾಲದಲ್ಲಿ ಒಳಗಿನ ಸಜ್ಜೆ ಮೊಳಕೆ ಬಂತು. ಕೊನೆಗೆ ಸಿಟ್ಟು ಬಂದು ಇಡೀ ಬಾಲ್ಕನಿಗೆ ನೈಲಾನ್ ಬಲೆ ಹಾಕಿಸಿದೆ. ಫಿಟ್ಟಿಂಗ್ ಸೇರಿ ಮೂರು ಸಾವಿರದ ಹತ್ತಿರ. ಪಾರಿವಾಳ ನಿಂತಿತು ನಿಜ. ಆದರೆ ಬಲೆ ಹಾಕಿದ ಮೇಲೆ ಗುಬ್ಬಿ ಬರುವುದು ಹೇಗೆ? ಅದನ್ನು ಬಿಚ್ಚಿ ಅವರೆ ಬಳ್ಳಿ ಹಬ್ಬಿಸಲು ಕಟ್ಟಿದ್ದೇನೆ. ದಾವಣಗೆರೆಯಲ್ಲೇ ಅತಿ ದುಬಾರಿ ಅವರೆ ಚಪ್ಪರ ನಮ್ಮದು. ಒಟ್ಟು ಸಾವಿರಾರು ರೂಪಾಯಿ ನೀರಿಗೆ ಹೋಯಿತು ಅಂದುಕೊಳ್ಳಿ.

ಈ ನಡುವೆ ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ, "ಏನ್ರೀ, ಕಾಳು ಹಾಕೋರು ನೀವು, ಹಿಕ್ಕೆ ತೊಳೆಯೋರು ನಾವು" ಅನ್ನುತ್ತಿದ್ದರು. 2025ರಲ್ಲಿ ಮುಂಬೈಯಲ್ಲಿ ಜನ ಪಾರಿವಾಳಕ್ಕೆ ಕಾಳು ಹಾಕುವ ದಾದರ್ ಕಬೂತರ್‌ಖಾನಾಕ್ಕೆ ಟಾರ್ಪಾಲು ಮುಚ್ಚಿದ ಸುದ್ದಿ ಪೇಪರಿನಲ್ಲಿ ಬಂತು. ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಆ ಪೇಪರನ್ನು ಮಡಚಿ ಮೀಟಿಂಗಿಗೇ ತಂದರು. ಪಾರಿವಾಳದ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುತ್ತದೆ ಅನ್ನುವುದು ಸುಳ್ಳೇನಲ್ಲ. ಪಾರಿವಾಳ ಒಂದೂ ಬರದ ಹಾಗೆ ಮಾಡಿ ತೋರಿಸುತ್ತೇನೆ, ಆಮೇಲೆ ಮಾತಾಡೋಣ ಅಂದೆ. "ಕಾಳು ಹಾಕೋದು, ಪಾರಿವಾಳ ಬರಬಾರದು, ಅದು ಹೆಂಗ್ ಆಗುತ್ತೆ ಸರ್?" ಅಂತ ಎಲ್ಲರೂ ನಕ್ಕರು.

ದಾರಿ ಸಿಕ್ಕಿದ್ದು ಮಲೇಬೆನ್ನೂರು ಹತ್ತಿರ ನಮ್ಮ ಮಾವನ ಮನೆಯಲ್ಲಿ. ಅದು ಭದ್ರಾ ನಾಲೆಯ ಸೀಮೆ, ಎಲ್ಲಿ ನೋಡಿದರೂ ಭತ್ತ. ಅವರ ಪಡಸಾಲೆಯಲ್ಲಿ ಹೊಸ ಭತ್ತದ ತೆನೆಯನ್ನು ಹೆಣೆದು ಜಂತಿಗೆ ತೂಗುಹಾಕಿದ್ದರು. ಗುಬ್ಬಿಗಳು ಅದಕ್ಕೆ ತಲೆಕೆಳಗಾಗಿ ಜೋತುಬಿದ್ದು ಕಾಳು ಸುಲಿಯುತ್ತಿದ್ದವು. ಮಾಡಿನ ಮೇಲೆ ಪಾರಿವಾಳ ಹತ್ತಾರು ಇದ್ದವು, ಒಂದೂ ಒಳಗೆ ಇಣುಕಲಿಲ್ಲ. ಪಾರಿವಾಳಕ್ಕೆ ಕಾಲೂರಲು ಸಮತಟ್ಟಾದ ಜಾಗ ಬೇಕು. ತೂಗಾಡುವ ತೆನೆಗೆ ಜೋತುಬಿದ್ದು ತಿನ್ನುವುದು ಅದಕ್ಕೆ ಆಗದ ಕೆಲಸ. ನನ್ನ ಫೀಡರುಗಳೆಲ್ಲ ಪಾರಿವಾಳಕ್ಕೆ ಮಣೆ ಹಾಕಿ ಬಡಿಸಿದ ಹಾಗಿದ್ದವು.

ಎರಡು ಕಟ್ಟು ತೆನೆ ತಂದೆ. ಆದರೆ ಬಾಲ್ಕನಿಗೆ ಕಟ್ಟಲಿಲ್ಲ. ಇದನ್ನು ಗಮನಿಸಿ, ಬಹಳ ಜನ ಇಲ್ಲೇ ಸೋಲುತ್ತಾರೆ. ಮೊದಲ ಕಟ್ಟನ್ನು ಹೊಂಗೆ ಮರದ ಕೆಳಗಿನ ಕೊಂಬೆಗೆ ಕಟ್ಟಿದೆ. ಒಂದು ವಾರದೊಳಗೆ ಗುಬ್ಬಿ ಹತ್ತಿದವು. ಆಮೇಲೆ ಅದನ್ನೇ ನಮ್ಮ ಗೋಡೆಯ ಕಡೆಯ ಎತ್ತರದ ಕೊಂಬೆಗೆ ಸರಿಸಿದೆ. ನಂತರ ಎರಡನೇ ಮಹಡಿಯವರನ್ನು ಕಾಡಿ ಬೇಡಿ ಅವರ ಕಿಟಕಿ ಸರಳಿಗೆ. ಎಲ್ಲಕ್ಕೂ ಕೊನೆಗೆ ನಮ್ಮ ಬಾಲ್ಕನಿಗೆ. ಒಂದೂವರೆ ಎರಡು ತಿಂಗಳು ಹಿಡಿದಿರಬೇಕು. ಮೂರು ನಾಲ್ಕು ಗುಬ್ಬಿ ಧೈರ್ಯ ಮಾಡಿದರೆ ಸಾಕು, ಉಳಿದವು ಅವುಗಳ ಗದ್ದಲ ಕೇಳಿಯೇ ಬರುತ್ತವೆ.

ತೆನೆ ರೇಲಿಂಗಿನಿಂದ ಎರಡಡಿ ಒಳಗೆ, ಮೇಲಿನ ಸ್ಲ್ಯಾಬಿನಿಂದ ಒಂದಡಿ ಕೆಳಗೆ ಇರಬೇಕು. ಹತ್ತಿರ ಇದ್ದರೆ ಪಾರಿವಾಳ ರೇಲಿಂಗ್ ಮೇಲೆ ನಿಂತು ಕತ್ತು ಚಾಚುತ್ತದೆ. ನಮ್ಮ ರೇಲಿಂಗಿನ ಸಿಮೆಂಟು ಕಟ್ಟೆ ಅಗಲ. ಅದರ ಉದ್ದಕ್ಕೂ ತಂತಿ ಎಳೆದು, ಎರಡಿಂಚಿನ ಪಿವಿಸಿ ಪೈಪನ್ನು ತುಂಡು ಮಾಡಿ ಪೋಣಿಸಿದೆ. ಪಾರಿವಾಳ ಕೂತ ಕೂಡಲೇ ಪೈಪು ಉರುಳುತ್ತದೆ, ಅದು ಹಾರಿಹೋಗುತ್ತದೆ. ಗುಬ್ಬಿಗೆ ಅದರ ಗೊಡವೆಯೇ ಇಲ್ಲ. ಪೈಪು, ತಂತಿ, ಕೊಕ್ಕೆ ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ತೆನೆಯ ಕೆಳಗೆ ನೆಲವೇ ಕಾಣದ ಹಾಗೆ ಕುಂಡ ಒತ್ತಾಗಿ ಇಟ್ಟಿದ್ದೇನೆ. ಉದುರಿದ ಕಾಳು ಗಿಡದ ಬುಡಕ್ಕೆ ಬೀಳುತ್ತದೆ, ಪಾರಿವಾಳಕ್ಕೆ ಇಳಿಯಲು ಜಾಗವಿಲ್ಲ. ಹೀಗೆ ಕುಂಡದಲ್ಲಿ ಭತ್ತವೂ ಬೆಳೆದಿದೆ, ಅದನ್ನೂ ಗುಬ್ಬಿಯೇ ತಿಂದವು.

ತೆನೆ ವರ್ಷವಿಡೀ ಸಿಗುವುದಿಲ್ಲ. ಆಗ ಜಾಲರಿ ಪೆಟ್ಟಿಗೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದೂವರೆ ಇಂಚು ಕಣ್ಣಿನ ವೆಲ್ಡ್ ಮೆಶ್ (ತಂತಿ ಜಾಲರಿ) ತಂದು ಒಂದೂವರೆ ಅಡಿ ಚೌಕದ ಗೂಡು ಕಟ್ಟಿದೆ. ಕಣ್ಣು ಅದಕ್ಕಿಂತ ದೊಡ್ಡದಾದರೆ ಮೈನಾ ನುಗ್ಗುತ್ತದೆ. ಕಾಳಿನ ಬಟ್ಟಲು ನಟ್ಟ ನಡುವೆ ಇರಲಿ, ಸುತ್ತ ಅರ್ಧ ಅಡಿ ಬಿಡಿ. ಮೇಲೆ ಶೀಟು ಹೊದಿಸಿ ಇಳಿಜಾರು ಮಾಡಿ. ಒಳಗೆ ನವಣೆ ಎರಡು ಪಾಲು, ಅಕ್ಕಿ ನುಚ್ಚು ಒಂದು ಪಾಲು, ಸ್ವಲ್ಪ ಸಜ್ಜೆ. ಇದಕ್ಕೆ ಇನ್ನೊಂದು ಸಾಮಾನು ಚಿಟಿಕೆಯಷ್ಟು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನವಣೆ ಸಿಪ್ಪೆ ಸಮೇತ ಇರಬೇಕು. ನಾವು ಅನ್ನಕ್ಕೆ ತರುವ ನವಣೆ ಅಕ್ಕಿಗೆ ಸುಮ್ನೆ ಡಬಲ್ ದುಡ್ಡು. ತಿಂಗಳಿಗೆ ಈಗ ಇನ್ನೂರು ಇನ್ನೂರೈವತ್ತು ಖರ್ಚು.

ನಾನು ಎಪಿಎಂಸಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಉಡುಗಿದ ಕಾಳು ಪುಕ್ಕಟೆ ಸಿಗುತ್ತದಲ್ಲ ಅಂತ ಕೇಳುತ್ತಾರೆ. ಸಿಗುತ್ತದೆ, ನಾನು ತರುವುದಿಲ್ಲ. ನೆಂದು ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಕ್ಕಿಗೆ ವಿಷವೇ. ಬಿತ್ತಿ ಉಳಿದ ಬೀಜವನ್ನಂತೂ ಮುಟ್ಟಬೇಡಿ. ಕೆಂಪು, ಗುಲಾಬಿ ಬಣ್ಣ ಬಳಿದಿರುತ್ತಾರಲ್ಲ, ಅದು ಬೀಜಕ್ಕೆ ಹಚ್ಚಿದ ವಿಷದ ಔಷಧಿ.

ಜಾಲರಿ ಕಟ್ಟಿದ ಹೊಸದರಲ್ಲಿ ಅಳಿಲು ಸಲೀಸಾಗಿ ಒಳಗೆ ಹೋಗಿ ಊಟ ಮುಗಿಸಿ ಬರುತ್ತಿತ್ತು. ಈಗ ಬರಲ್ಲ. ಏನು ಮಾಡಿದೆ ಅಂತ ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ಗ್ರೀಸ್ ಅಲ್ಲ, ಅಷ್ಟು ಹೇಳಬಲ್ಲೆ. ಗ್ರೀಸ್ ಹಕ್ಕಿಯ ಪುಕ್ಕಕ್ಕೆ ಅಂಟಿದರೆ ಅದರ ಕಥೆ ಮುಗಿಯಿತು.

ಊರು ದಾವಣಗೆರೆ ಅಂದ ಮೇಲೆ ಮಂಡಕ್ಕಿ ಹಾಕದೆ ಇರಲಾದೀತೇ? ಭಟ್ಟಿಯಿಂದ ಬಿಸಿಬಿಸಿ ತಂದು ಹಾಕಿದೆ. ಮೂರನೇ ಮಹಡಿಯ ಗಾಳಿಗೆ ಅರ್ಧ ಹಾರಿ ಕೆಳಗಿನವರು ಒಣಗಲು ಹಾಕಿದ್ದ ಬಟ್ಟೆ ಮೇಲೆ ಕೂತಿತು. ಉಳಿದದ್ದನ್ನು ಕಾಗೆ ತಿಂದಿತು. ಮಂಡಕ್ಕಿಗೆ ಉಪ್ಪು ಹಿಡಿಸಿರುತ್ತಾರೆ, ಹಕ್ಕಿಗೆ ಅದು ಒಳ್ಳೆಯದಲ್ಲ, ಆದ್ದರಿಂದ ಅಲ್ಲಿಗೇ ಬಿಟ್ಟೆ. ಮೆಕ್ಕೆಜೋಳದ ಹಸಿ ತೆನೆಯನ್ನು ತಂತಿಗೆ ಚುಚ್ಚಿ ತೂಗುಹಾಕಿದ್ದು ಮಾತ್ರ ಭರ್ಜರಿ ಗೆದ್ದಿತು. ಗಿಳಿ ಬಂದವು. ತೆನೆ ಮುಗಿಸಿ ನಮ್ಮ ಮೆಣಸಿನಗಿಡದ ಕಾಯಿಯನ್ನೂ ಮುಗಿಸಿ ಹೋದವು. ಮನೆಯಾಕೆ ಆ ಪ್ರಯೋಗಕ್ಕೆ ಅಂದೇ ತೆರೆ ಎಳೆದಳು. ಹೂವಿನ ರಸ ಹೀರುವ ಸೂರಕ್ಕಿಗೆ ಸಕ್ಕರೆ ನೀರು ಇಟ್ಟೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿ ವಾಸನೆ, ಮೇಲೆ ಇರುವೆ ಸಾಲು. ಅದರ ಬದಲು ಕುಂಡದಲ್ಲಿ ದಾಸವಾಳ, ಹ್ಯಾಮೆಲಿಯಾ ಹೂವಿನ ಗಿಡ ಹಾಕಿ, ಸೂರಕ್ಕಿ ತಾನೇ ಬರುತ್ತದೆ. ಪಿಕಳಾರಕ್ಕೆ (ಬುಲ್‌ಬುಲ್) ಪಪ್ಪಾಯಿ ಇಟ್ಟರೆ ಮನೆ ತುಂಬ ನೊಣ. ಅದಕ್ಕೆ ದೊಡ್ಡ ಕುಂಡದಲ್ಲಿ ಕರಿಬೇವು ಬೆಳೆಸಿದೆ. ಅದರ ಕಪ್ಪು ಹಣ್ಣಿಗೆ ಪಿಕಳಾರ ಜೋಡಿಯಾಗಿ ಬರುತ್ತದೆ, ಒಗ್ಗರಣೆಗೆ ಸೊಪ್ಪು ನಮಗೆ.

ನೀರಿನ ವಿಷಯ ಎಲ್ಲರಿಗೂ ಗೊತ್ತು. ಆಳ ಒಂದಿಂಚು ಸಾಕು, ದಿನಾ ಚೆಲ್ಲಿ ತಿಕ್ಕಿ ತುಂಬಿಸಿ. ಸೊಳ್ಳೆ ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆ ನಮ್ಮ ಮಣ್ಣಿನ ತಟ್ಟೆಗೆ ಟಾರ್ಚ್ ಬಿಟ್ಟು ನೋಡಿ, "ಇದು ಪರವಾಗಿಲ್ಲ ಅಣ್ಣ" ಅಂದಿದ್ದಾರೆ. ನೀರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಮಣ್ಣು. ಜರಡಿ ಹಿಡಿದ ಒಣ ಮಣ್ಣನ್ನು ಅಗಲ ಬಾಣಲೆಯಲ್ಲಿ ಹಾಕಿ ಜಾಲರಿ ಪೆಟ್ಟಿಗೆಯೊಳಗೇ ಇಟ್ಟೆ. ಗುಬ್ಬಿ ಅದರಲ್ಲಿ ಹೊರಳಿ ಹೊರಳಿ ಸ್ನಾನ ಮಾಡುತ್ತವೆ. ಹೊಟ್ಟೆ ತುಂಬಿದ ಮೇಲೂ ಹೋಗುವುದಿಲ್ಲ.

ಗೂಡಿನ ಮಾತು. ಶೂ ಡಬ್ಬ ಮೊದಲ ಮಳೆಗೇ ಮೆತ್ತಗಾಯಿತು. ಯಾರೋ ಕೊಟ್ಟ ಪ್ಲೈವುಡ್ ಗೂಡಿನ ತೂತು ಎರಡಿಂಚಿತ್ತು, ಮೈನಾ ಬಂದು ಯಜಮಾನಿಕೆ ನಡೆಸಿತು. ಬಡಗಿಗೆ ಹೇಳಿ ಒಂದೂಕಾಲು ಇಂಚಿನ ತೂತಿಟ್ಟು ಹಳೇ ಮರದಲ್ಲಿ ಮಾಡಿಸಿದೆ, ಒಂದಕ್ಕೆ ನೂರೈವತ್ತು. ತೂತಿನ ಮುಂದೆ ಕಡ್ಡಿ ಬೇಡ, ಅದು ಕಾಗೆಗೆ ಅನುಕೂಲ. ಬಣ್ಣವೂ ಬೇಡ. ಬಿಸಿಲು ನೇರ ಬೀಳದ ಮೂಲೆಯಲ್ಲಿ, ಸ್ಲ್ಯಾಬಿಗೆ ಒತ್ತಿ ಹೊಡೆದೆ. ನಾಲ್ಕರಲ್ಲಿ ಎರಡು ತುಂಬಿದವು.

ಮರಿಗೆ ಕಾಳು ನಡೆಯಲ್ಲ, ಹುಳವೇ ಬೇಕು. ಮೊಟ್ಟೆ ಒಡೆದು ಮರಿ ಹಾರುವವರೆಗಿನ ಎರಡು ವಾರ ತಾಯಿ ತಂದೆ ಎರಡಕ್ಕೂ ಹುಳ ಹುಡುಕುವುದೇ ಕೆಲಸ. ಮೂರು ಸಾವಿರದ ಬಲೆಗೆ ಹಬ್ಬಿದ ಅವರೆ ಆಗ ದುಡ್ಡು ವಾಪಸ್ ಕೊಟ್ಟಿತು. ಅವರೆಗೆ ಹೇನು, ಹಸಿರು ಹುಳ ತಪ್ಪಿದ್ದಲ್ಲ. ಎಲ್ಲರೂ ಬೇವಿನೆಣ್ಣೆ ಹೊಡಿ ಅಂದರು. ನಾನು ಏನೂ ಹೊಡೆಯಲಿಲ್ಲ. ಹುಳ ಸಾಕುತ್ತಾನೆ ಅಂತ ಪಕ್ಕದ ಮನೆಯ ಅಕ್ಕ ಊರೆಲ್ಲ ಹೇಳಿದರು. ಗುಬ್ಬಿಗಳು ಬಳ್ಳಿಯ ಎಲೆ ಎಲೆ ಹುಡುಕಿ ಹುಳ ಎತ್ತಿದವು, ಮರಿ ಹಾರಿದವು, ಅವರೆಕಾಯಿಯೂ ಬಂತು. ಈಗ ಆ ಅಕ್ಕನ ಬಾಲ್ಕನಿಯಲ್ಲೂ ಒಂದು ಅವರೆ ಬಳ್ಳಿ ಇದೆ. ಯಾರನ್ನು ನೋಡಿ ಹಾಕಿದರು ಅಂತ ನಾನು ಕೇಳಲು ಹೋಗಿಲ್ಲ.

ಸೆಕ್ರೆಟರಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಗುಬ್ಬಿಯೂ ಹಿಕ್ಕೆ ಹಾಕುತ್ತದಲ್ಲ ಅನ್ನುತ್ತಾರೆ. ಹಾಕುತ್ತದೆ, ನಮ್ಮ ಕುಂಡಕ್ಕೇ ಬೀಳುತ್ತದೆ. ವಾರಕ್ಕೊಮ್ಮೆ ಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಒರೆಸುತ್ತೇನೆ. ಒಣಗಿದ್ದನ್ನು ಹಾಗೇ ಗುಡಿಸಬಾರದು.

ಈ ವರ್ಷ ಶುರು ಮಾಡುವವರು ತೆನೆಗೆ ಈಗಲೇ ಹೇಳಿಡಿ. ಮಲೇಬೆನ್ನೂರು, ಹರಿಹರ, ಹೊನ್ನಾಳಿ ಕಡೆ ಈಗ ಭತ್ತದ ಕೊಯ್ಲಿಗೆಲ್ಲ ಮಷಿನ್. ಅದು ಗದ್ದೆಗೆ ಇಳಿದ ಮೇಲೆ ಸಿಗುವುದು ಬರೀ ಭತ್ತ ಮತ್ತು ಚೂರು ಹುಲ್ಲು, ತೆನೆ ಕಟ್ಟು ಸಿಗುವುದಿಲ್ಲ. ಮಷಿನ್ ಬರುವ ಮುಂಚೆ ಬದುವಿನ ಪಕ್ಕ ಒಂದು ಮೂಲೆ ಕುಡುಗೋಲಿನಲ್ಲಿ ಕೊಯ್ದಿಡಿ ಅಂತ ಗೊತ್ತಿರುವ ರೈತರಿಗೆ ಹೇಳಬೇಕು. ತೆನೆಯ ಜೊತೆ ಒಂದು ಮೊಳ ಕಡ್ಡಿ ಉಳಿಯುವ ಹಾಗೆ ಕೊಯ್ಯಲಿ, ಇಲ್ಲದಿದ್ದರೆ ಹೆಣೆಯಲು ಬರುವುದಿಲ್ಲ. ತಂದ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಜೊತೆ ಗೋಣಿಚೀಲಕ್ಕೆ ತುಂಬಿ ಅಟ್ಟದಿಂದ ತೂಗುಹಾಕಿ. ನೆಲದ ಮೇಲಿಟ್ಟರೆ ಇಲಿಗೆ ಹಬ್ಬ.