ಎಲೆಕ್ಟ್ರಿಕ್ ಪ್ಯಾರಾಮೋಟರ್ ಬ್ಯಾಟರಿ: ಲೆಕ್ಕ ಹಿಡಿಯಬೇಕಾದ್ದು ಕೊನೆಯಿಂದ

ಪ್ಯಾರಾಮೋಟರ್ ಅಂದರೆ ಬೆನ್ನಿಗೆ ಮೋಟಾರು ಹೊತ್ತು, ಪ್ಯಾರಾಚೂಟ್‌ನಂಥ ರೆಕ್ಕೆಯಡಿ ಹಾರುವುದು. ಅದಕ್ಕೆಂದು ಪುಣೆಯಿಂದ ಕಾಮಶೇತ್ ಕಡೆ ಬರುವ ಕನ್ನಡದ ಗೆಳೆಯರು ಮೊದಲು ಕೇಳುವುದು ‘ಎಷ್ಟು ನಿಮಿಷ ಹಾರುತ್ತೆ?’ ಎಂದು. ನಾನು ಬ್ಯಾಟರಿ ಪ್ಯಾಕ್ ಕಟ್ಟುವಾಗ ಹಿಡಿದ ಲೆಕ್ಕ ಬೇರೆ. ಇಳಿಯುವ ಹೊತ್ತಿಗೆ ಮೈದಾನದಲ್ಲಿ ದನ ಅಡ್ಡ ಬಂತು, ಚಾರ್ಜ್ ಶೇ. 20 ಉಳಿದಿದೆ. ಆಗ ಮತ್ತೆ ಮೇಲೇರಲು 10 ಕಿಲೋವ್ಯಾಟ್ ಸಿಗಬೇಕು.

ಬಳಸಿದ್ದು ಮೋಲಿಸೆಲ್ ಪಿ42ಎ ಎಂಬ ಲಿಥಿಯಂ-ಅಯಾನ್ ಸೆಲ್: ಒಂದೊಂದೂ 4.2 ಆಂಪ್ ಅವರ್, 70 ಗ್ರಾಂ. 16 ಸೆಲ್ ಪ್ಯಾರಲಲ್ ಸೇರಿ ಒಂದು ಗುಂಪು, ಅಂಥ 14 ಗುಂಪು ಸೀರೀಸ್‌ನಲ್ಲಿ, ಒಟ್ಟು 224 ಸೆಲ್. ಸೆಲ್‌ಗಳದ್ದೇ 15.7 ಕೆ.ಜಿ., ಶಕ್ತಿ ಸುಮಾರು 3.4 ಕಿಲೋವ್ಯಾಟ್ ಅವರ್. ಮೂರು ನಿಮಿಷ ಏರಿ, ಆಮೇಲೆ 4.5 ಕಿಲೋವ್ಯಾಟ್‌ನಲ್ಲಿ ಸಮಮಟ್ಟದಲ್ಲಿ ಹಾರಿದರೆ ಅರ್ಧ ಗಂಟೆಗೆ ಶೇ. 80 ಮುಗಿಯುತ್ತದೆ.

ಈಗ ಆ ಕೊನೆಯ ಏರಿಕೆ. ಸೆಲ್ 3.4 ವೋಲ್ಟ್‌ನಲ್ಲಿದ್ದಾಗ 10 ಕಿಲೋವ್ಯಾಟ್ ಎಳೆದರೆ, ವೋಲ್ಟೇಜ್ ಕುಸಿಯುವುದನ್ನೂ ಹಿಡಿದು 225 ಆಂಪ್, ಅಂದರೆ ಸೆಲ್‌ಗೆ 14. ಒಳರೋಧ 16 ಮಿಲಿಓಮ್ ಇರುವ ಹೊಸ ಸೆಲ್ 3.17ಕ್ಕೆ ಕುಸಿಯುತ್ತದೆ. ಹಳತಾಗಿ ರೋಧ 25 ಆದರೆ 3.03. ಡಿಸೆಂಬರಿನ ಚಳಿ ಬೆಳಿಗ್ಗೆ ಇನ್ನೂ ಕೆಳಗೆ. 3.0ಕ್ಕೆ ಕಟ್ ಆಗುವಂತೆ ಇಟ್ಟ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಇದ್ದರೆ, ಶಕ್ತಿ ಬೇಕೇಬೇಕಾದ ಕ್ಷಣದಲ್ಲೇ ಮೋಟಾರು ನಿಲ್ಲುತ್ತದೆ! ಹಾಗಾಗಿ ನನ್ನ ಮೋಟಾರಿನ ಕರೆಂಟ್ ಬಿಎಂಎಸ್ ಮೂಲಕ ಹೋಗುವುದಿಲ್ಲ. ಅದರ ಕೆಲಸ ಚಾರ್ಜಿಂಗ್, ಬ್ಯಾಲೆನ್ಸಿಂಗ್ (ಗುಂಪುಗಳ ವೋಲ್ಟೇಜ್ ಸಮ ಮಾಡುವುದು) ಮತ್ತು ಅಲಾರಂ ಮಾತ್ರ. ಮುಖ್ಯ ದಾರಿಯಲ್ಲಿರುವುದು ಫ್ಯೂಸ್ ಒಂದೇ. ಅದರ ಡಿಸಿ ರೇಟಿಂಗ್ ಪೂರ್ತಿ ತುಂಬಿದ ಪ್ಯಾಕಿನ 58.8 ವೋಲ್ಟ್‌ಗಿಂತ ಮೇಲಿರಲೇಬೇಕು. ಕಾರಿನ 32 ವೋಲ್ಟ್ ಫ್ಯೂಸ್ ಸುಟ್ಟರೂ ಆರ್ಕ್ (ತುಂಡಾದ ಜಾಗದಲ್ಲಿ ಹಾಯುವ ಕಿಡಿ) ಆರದೆ ಉರಿಯುತ್ತಿರುತ್ತದೆ.

5 ಆಂಪ್ ಅವರ್‌ನ ಸೆಲ್‌ಗಳನ್ನು ಬಿಟ್ಟದ್ದೂ ಇದೇ ಕಾರಣಕ್ಕೆ. ತೂಕ ಅಷ್ಟೇ, ಶಕ್ತಿ ಹೆಚ್ಚು. ಆದರೆ ನಾನು ನೋಡಿದವುಗಳ ಒಳರೋಧ ಇಮ್ಮಡಿಯ ಹತ್ತಿರ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸುರಕ್ಷಿತ, ನನಗೂ ಇಷ್ಟ, ಆದರೆ ಇಷ್ಟೇ ಶಕ್ತಿಗೆ 20 ಕೆ.ಜಿ. ದಾಟುತ್ತದೆ. ಬೆನ್ನಿಗೆ ಹೊತ್ತು ಓಡಬೇಕಲ್ಲ.

ಸೆಲ್ ಬಂದ ಕೂಡಲೇ ವೋಲ್ಟೇಜ್ ಬರೆದಿಟ್ಟು ಎರಡು ವಾರ ಮುಟ್ಟದೆ ಬಿಡಿ. ಮತ್ತೆ ಅಳೆದಾಗ ಉಳಿದವಕ್ಕಿಂತ 10 ಮಿಲಿವೋಲ್ಟ್ ಜಾಸ್ತಿ ಇಳಿದದ್ದನ್ನು ತೆಗೆದುಹಾಕಿ. ಸೆಲ್‌ಗಳನ್ನು ಜೋಡಿಸುವ ನಿಕಲ್ ಪಟ್ಟಿಯಲ್ಲಿ ಮೋಸ ಹೆಚ್ಚು. ನಿಕಲ್ ಲೇಪದ ಉಕ್ಕನ್ನೇ ಶುದ್ಧ ನಿಕಲ್ ಎಂದು ಮಾರುತ್ತಾರೆ. ಅಯಸ್ಕಾಂತ ಎರಡಕ್ಕೂ ಅಂಟುವುದರಿಂದ ಆ ಪರೀಕ್ಷೆ ವ್ಯರ್ಥ. ಪಟ್ಟಿಯನ್ನು ಕೆರೆದು ರಾತ್ರಿಯಿಡೀ ಉಪ್ಪುನೀರಿನಲ್ಲಿಡಿ, ಉಕ್ಕಾದರೆ ಬೆಳಿಗ್ಗೆಗೆ ತುಕ್ಕು ಕಾಣುತ್ತದೆ. 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ನಿಕಲ್ ಒಂದೇ 14 ಆಂಪ್‌ಗೆ ಸಾಲದು, ಕೆಳಗೆ 0.2 ಮಿ.ಮೀ. ತಾಮ್ರ ಇಟ್ಟು, ಮೇಲೆ ನಿಕಲ್ ಇಟ್ಟು ಸ್ಪಾಟ್ ವೆಲ್ಡ್ ಮಾಡಿದೆ. ಅದಕ್ಕೂ ಮೊದಲು ಪ್ರತಿ ಪಾಸಿಟಿವ್ ತುದಿಗೂ ಬಾರ್ಲಿ ಪೇಪರ್ (ವಿದ್ಯುತ್ ಹಾಯದ ಕಾಗದ) ಉಂಗುರ ಅಂಟಿಸಬೇಕು. ಆ ತುದಿಯ ಸುತ್ತಲಿನ ಅಂಚು ನೆಗೆಟಿವ್; ಪ್ರೊಪೆಲ್ಲರ್ ನಡುಕಕ್ಕೆ ಪಟ್ಟಿ ಅದರ ತೆಳು ಹೊದಿಕೆಯನ್ನು ಸವೆಸಿದರೆ ನೇರ ಶಾರ್ಟ್.

ಕನೆಕ್ಟರ್ ಸಿಕ್ಕಿಸುವ ಮುಂಚೆ 100 ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಮೂರು ಸೆಕೆಂಡ್ ಪ್ರೀಚಾರ್ಜ್ ಮಾಡಿ. ಇಲ್ಲದಿದ್ದರೆ ಮೋಟಾರು ಕಂಟ್ರೋಲರ್‌ನ ಕೆಪಾಸಿಟರ್‌ಗಳು ಒಮ್ಮೆಗೇ ತುಂಬಿ ಕಿಡಿ ಹಾರುತ್ತದೆ, ಪಿನ್ ಸುಡುತ್ತದೆ.

ಬಿಸಿಯ ಲೆಕ್ಕ: ಏರುವಾಗ ಪ್ರತಿ ಸೆಲ್‌ನಲ್ಲಿ 3 ವ್ಯಾಟ್ ಹತ್ತಿರ ಶಾಖ, ಮೂರು ನಿಮಿಷಕ್ಕೆ 7–8 ಡಿಗ್ರಿ. ಮೇ ತಿಂಗಳಲ್ಲಿ 40 ಡಿಗ್ರಿಯಿಂದ ಶುರುವಾಗುತ್ತದೆ, ಮಿತಿ 60. ಪ್ಯಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಆ ಅಂತರ ನೆಲದಲ್ಲೇ ಮುಗಿದುಹೋಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಸೆಲ್‌ಗೆ 3.8 ವೋಲ್ಟ್‌ನಲ್ಲಿಟ್ಟು, ಬಿಎಂಎಸ್ ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹಚ್ಚಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ. ತಿಂಗಳಿಗೊಮ್ಮೆ 14 ಗುಂಪುಗಳ ವೋಲ್ಟೇಜ್ ಬರೆದಿಡುತ್ತೇನೆ. ಒಂದೇ ಗುಂಪು ಪ್ರತಿ ತಿಂಗಳೂ ಹಿಂದೆ ಬೀಳುತ್ತಿದ್ದರೆ ಬ್ಯಾಲೆನ್ಸ್ ಮಾಡಿ ಸರಿದೂಗಿಸದೆ, ಬಿಚ್ಚಿ ಆ 16ರಲ್ಲಿ ಸೋರುತ್ತಿರುವ ಸೆಲ್ ಹುಡುಕಿ ತೆಗೆಯಬೇಕು.