ಔಷಧಿ ಹೊಡೆಯುವ ದಿನ ಬಾವಿಯನ್ನೂ ಮೈಯನ್ನೂ ಕಾಪಾಡಿಕೊಳ್ಳುವುದು ಹೇಗೆ?

ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕು ಅಂತ ಬಹಳ ರೈತರು ಔಷಧಿ ಹೊಡೆಯಲು ಇಳಿಯುತ್ತಾರೆ. ಆದರೆ ಕಲಸುವಾಗ ಮತ್ತು ಪಂಪು ತೊಳೆಯುವಾಗಲೂ ಅಷ್ಟೇ ಎಚ್ಚರ ಬೇಕು. ಬಾವಿಗೆ ವಿಷ ಸೇರುವುದು ಹೆಚ್ಚಾಗಿ ಈ ಎರಡು ಹೊತ್ತಿನಲ್ಲಿ ಮಾಡುವ ಅವಸರದಿಂದ.

ಮೊದಲು ಡಬ್ಬಿ ನೋಡಿ. ಲೇಬಲ್ಲಿನ ಮೇಲಿರುವ ಬಣ್ಣದ ತ್ರಿಕೋನ ಕೆಂಪಗಿದ್ದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಅಪಾಯವೇ ಇಲ್ಲ ಅಂತಲ್ಲ. ಬಣ್ಣ ಯಾವುದೇ ಇರಲಿ, ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಸ್ವಲ್ಪವೇ ಕೆರೆಗೆ ಸೇರಿದರೂ ಮೀನು ಸಾಯುತ್ತವೆ.

ಕಲಸುವ ಜಾಗ ಬಾವಿ, ಬೋರ್‌ವೆಲ್, ಕಾಲುವೆಯಿಂದ ನೂರಡಿಯಾದರೂ ದೂರ ಇರಲಿ. ನೀರನ್ನು ಅಲ್ಲಿಗೆ ಹೊತ್ತು ತನ್ನಿ. ಅದು ಕಷ್ಟ, ನಿಜ. ಡ್ರಮ್ಮಿಗೆ ಪೈಪಿನಿಂದಲೇ ನೀರು ಬಿಡುವುದಾದರೆ ಪೈಪಿನ ತುದಿ ಔಷಧಿ ನೀರಿನಲ್ಲಿ ಮುಳುಗಬಾರದು. ನಡುವೆ ಕರೆಂಟ್ ಹೋಗಿ ಮೋಟಾರ್ ನಿಂತರೆ ಪೈಪಿನ ನೀರು ಹಿಂದಕ್ಕೆ ಇಳಿಯಬಹುದು. ಆಗ ಡ್ರಮ್ಮಿನಲ್ಲಿರುವುದನ್ನೂ ಎಳೆದುಕೊಂಡು ಸೀದಾ ಬಾವಿಗೆ ಹೋಗುತ್ತದೆ. ಪೈಪಿನ ತುದಿಗೂ ಡ್ರಮ್ಮಿನ ಬಾಯಿಗೂ ಒಂದು ಗೇಣು ಅಂತರ ಇದ್ದರೆ ಈ ಅಪಾಯವೇ ಇಲ್ಲ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು, ಅಲ್ವಾ?

ಬರಿಗೈಯಲ್ಲಿ ಕಲಸಲೇಬೇಡಿ. ರಬ್ಬರ್ ಗ್ಲೌಸ್ ಹಾಕಿ, ಕೋಲಿನಿಂದ ತಿರುವಿ. ತೊಡೆಸಂದಿನ ಚರ್ಮ ಮುಂಗೈಗಿಂತ ಹಲವು ಪಟ್ಟು ಜಾಸ್ತಿ ವಿಷ ಹೀರುತ್ತದೆ. ಹಾಗಾಗಿ ಮೂತ್ರಕ್ಕೆ ಹೋಗುವ ಮುಂಚೆಯೂ ಸೋಪು ಹಾಕಿ ಕೈ ತೊಳೆಯಿರಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿರುಗಾಳಿ ಇದ್ದಾಗ, ಮಳೆ ಮೋಡ ಕಟ್ಟಿದಾಗ ಹೊಡೆಯಬೇಡಿ. ಹಳ್ಳದ ಪಕ್ಕದ ಕೆಲವು ಸಾಲು ಬಿಟ್ಟುಬಿಡಿ. ಮೇಲೆ ಹೊಡೆದದ್ದು ಕೆಳಗಿನ ನೀರಿಗೆ ಇಳಿದರೆ ಏನಾಗುತ್ತದೆ ಅಂತ ಕಾಸರಗೋಡಿನವರನ್ನು ಕೇಳಬೇಕು. ಅಲ್ಲಿನ ಗುಡ್ಡದ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಕೆಳಗೆ ತೋಡು, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಬಾವಿಗಳ ನೀರು ಕುಡಿಯುವ ಜನ ಇದ್ದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಪಾಡು ಆಮೇಲೂ ಮುಗಿಯಲಿಲ್ಲ.

ಡಬ್ಬಿ ಖಾಲಿಯಾದ ಕೂಡಲೇ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ. ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಪಂಪು ತೊಳೆದ ನೀರನ್ನೂ ಅದೇ ಬೆಳೆಗೆ ಹೊಡೆಯಿರಿ, ಕೆರೆಯಲ್ಲಿ ತೊಳೆಯಬೇಡಿ. ಆಮೇಲೆ ಡಬ್ಬಿಗೆ ತೂತು ಹಾಕಿ. ತೊಳೆದಿದ್ದೇವೆ ಅಂತ ಅಡುಗೆ ಎಣ್ಣೆಗೋ ಸೀಮೆಎಣ್ಣೆಗೋ ಇಟ್ಟುಕೊಳ್ಳಬೇಡಿ. 2013ರಲ್ಲಿ ಬಿಹಾರದ ಒಂದು ಶಾಲೆಯ ಬಿಸಿಯೂಟದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿ 23 ಮಕ್ಕಳು ಸತ್ತರು.

ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯಿರಿ. ಒಗೆಯುವವರಿಗೂ ಗ್ಲೌಸ್ ಕೊಡಿ.

ಬಾವಿಗೆ ವಿಷ ಬಿದ್ದಿದೆ ಅಂತ ಅನುಮಾನ ಬಂದರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕೀಟನಾಶಕ ಹೋಗುವುದಿಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಕೀಟನಾಶಕಕ್ಕೆ ಅಂತಲೇ ಹೇಳಿ ಕೇಳಬೇಕು.

ಹೊಡೆದವರಿಗೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜು, ಉಸಿರಾಟದ ಕಷ್ಟ ಕಾಣಿಸಿದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಬಟ್ಟೆ ಬಿಚ್ಚಿಸಿ, ಸೋಪಿನಿಂದ ಮೈ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬಿಯ ಲೇಬಲ್ಲನ್ನು ಡಾಕ್ಟರಿಗೆ ತೋರಿಸಿ. ಯಾವ ವಿಷ ಅಂತ ಗೊತ್ತಾದರೆ ಅವರು ಅದಕ್ಕೆ ತಕ್ಕ ಚಿಕಿತ್ಸೆಯನ್ನು ಕೂಡಲೇ ಶುರು ಮಾಡಬಹುದು.