ಚಳಿಗಾಲದ ಬೆಂಗಳೂರು: ಎರಡು ದಿನ, ಒಂದು ಚೀಲ ಅವರೆಕಾಯಿ

ಬೆಂಗಳೂರಿಗೆ ಎರಡು ದಿನಕ್ಕೆ ಅಂತ ಬರುವವರು ಬನ್ನೇರುಘಟ್ಟ, ಇಸ್ಕಾನ್, ಒಂದು ಮಾಲ್, ಎಂ.ಜಿ. ರಸ್ತೆ ಎಲ್ಲವನ್ನೂ ಪಟ್ಟಿ ಮಾಡಿಕೊಂಡು ಬರುತ್ತಾರೆ. ಅರ್ಧ ದಿನ ಸಿಗ್ನಲ್ಲುಗಳಲ್ಲೇ ಕಳೆದು, 'ಏನು ಟ್ರಾಫಿಕ್ಕಪ್ಪಾ' ಎನ್ನುತ್ತಾ ವಾಪಸ್ ಹೋಗುತ್ತಾರೆ. ಚಳಿಗಾಲದಲ್ಲಾದರೂ ಹಾಗೆ ಮಾಡಬೇಡಿ. ನವೆಂಬರ್‌ನಿಂದ ಜನವರಿವರೆಗೆ ಮಾತ್ರ ಸಿಗುವ ಬೆಂಗಳೂರು ಒಂದಿದೆ. ಅದರಲ್ಲಿ ಬಹುಪಾಲು ಮೆಟ್ರೊ ಹಸಿರು ಮಾರ್ಗದ ಅಕ್ಕಪಕ್ಕದಲ್ಲೇ ಇದೆ.

ತಾರೀಖು ಮೊದಲು, ಟಿಕೆಟ್ ಆಮೇಲೆ

ಕಡಲೆಕಾಯಿ ಬೇಕಾ, ಅವರೆಕಾಯಿ ಬೇಕಾ, ಹೂವು ಬೇಕಾ? ಮೊದಲು ಅದನ್ನು ತೀರ್ಮಾನಿಸಿ. ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಅದು ನವೆಂಬರ್‌ನಲ್ಲೂ ಬರಬಹುದು, ಡಿಸೆಂಬರ್‌ನಲ್ಲೂ ಬರಬಹುದು, ಪಂಚಾಂಗ ನೋಡಿಕೊಳ್ಳಿ. ಅವರೆಬೇಳೆ ಮೇಳ ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ. ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದಿದೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವದ ಸುತ್ತಮುತ್ತ. ಮೂರನ್ನೂ ಒಂದೇ ಸಲ ನೋಡುವ ಆಸೆ ಬಿಡಿ, ಆಗುವುದಿಲ್ಲ. ಒಂದನ್ನೇ ಆರಿಸಿ ಅಂದರೆ ನಾನು ಅವರೆಕಾಯಿ ಕಡೆಗೇ.

ರೂಮು ಬಸವನಗುಡಿ ಅಥವಾ ಜಯನಗರದಲ್ಲಿ ಮಾಡಿ. ಮೆಜೆಸ್ಟಿಕ್ಕಿನಲ್ಲಿ ಅಗ್ಗಕ್ಕೆ ಸಿಗಬಹುದು, ನಿದ್ದೆ ಸಿಗುವುದು ಕಷ್ಟ. ಒಂದು ಸ್ವೆಟರ್ ಸಾಕು. ಈ ಊರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಈಗ 15ರ ಆಸುಪಾಸಿಗೆ ಇಳಿದರೇ ನಾವು ಮಂಕಿ ಟೋಪಿ ಹುಡುಕುತ್ತೇವೆ. ಹನ್ನೊಂದು ಗಂಟೆಗೆ ಆ ಸ್ವೆಟರ್ ಹೇಗೂ ಸೊಂಟಕ್ಕೆ ಬರುತ್ತದೆ.

ಮೊದಲ ದಿನ: ಬಂಡೆ, ಇಡ್ಲಿ, ಬಸವಣ್ಣ

ಬೆಳಿಗ್ಗೆ ಬೇಗ ಎದ್ದು ಲಾಲ್‌ಬಾಗ್‌ಗೆ ಹೋಗಿ. ನೇರ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು, ಮೇಲೆ ಕೆಂಪೇಗೌಡರ ಗೋಪುರ. ಇಳಿದು ಗಾಜಿನ ಮನೆ ಕಡೆ ನಡೆಯುತ್ತಾ ಮರಗಳನ್ನೂ ನೋಡಿ, ನವೆಂಬರ್-ಡಿಸೆಂಬರ್ ಆದರೆ ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಈ ಊರಿನಲ್ಲಿ ಗಿಡ ನೆಡಿಸಿದವರು ಜರ್ಮನಿಯಿಂದ ಬಂದ ಕ್ರುಂಬಿಗೆಲ್. ಪಕ್ಕದ ರಸ್ತೆಗೆ ಅವರದೇ ಹೆಸರು.

ಮುಖ್ಯ ಗೇಟಿನಿಂದ ಹೊರಬಂದರೆ ಎಂಟಿಆರ್ ಹೋಟೆಲ್ ಹತ್ತಿರ. 1924ರಿಂದ ಇದೆ. ಕಾಯಬೇಕಾಗುತ್ತದೆ, ಕಾಯಿರಿ. ರವೆ ಇಡ್ಲಿ ತೆಗೆದುಕೊಳ್ಳಿ, ಜೊತೆಗೆ ಕೊಡುವ ತುಪ್ಪವನ್ನು ಪೂರ್ತಿ ಸುರಿಯಿರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದ ಇಡ್ಲಿ ಇದು ಎನ್ನುತ್ತಾರೆ. ಒಂದು ವಿಷಯ ನೆನಪಿಡಿ: ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ರಜೆ. ಅಂದರೆ ಪರಿಷೆಗೆ ಅಂತ ಸೋಮವಾರ ಬಂದವರಿಗೆ ವಿದ್ಯಾರ್ಥಿ ಭವನವೇ ಗತಿ. ಅದೇನು ಕೆಟ್ಟ ಗತಿಯಲ್ಲ ಬಿಡಿ!

ಮಧ್ಯಾಹ್ನ ಮಲಗಿ. ನಾಲ್ಕಕ್ಕೆ ಎದ್ದು ದೊಡ್ಡ ಬಸವಣ್ಣನ ಗುಡಿ, ಪಕ್ಕದ ಬ್ಯೂಗಲ್ ರಾಕ್ ನೋಡಿಕೊಂಡು ಗಾಂಧಿ ಬಜಾರಿಗೆ ಬನ್ನಿ. ಪರಿಷೆ ಸಮಯವಾದರೆ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ಹಸಿಯದು, ಹುರಿದದ್ದು, ಬೇಯಿಸಿದ್ದು ಎಲ್ಲ ಇರುತ್ತದೆ. ಮೊದಲ ರಾಶಿಯಲ್ಲೇ ಕೊಳ್ಳಬೇಡಿ. ಎರಡು ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ, ಪರಿಷೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ.

ವಿದ್ಯಾರ್ಥಿ ಭವನದಲ್ಲಿ ಇಬ್ಬರಿಗೆ ಒಂದೇ ಮಸಾಲೆ ದೋಸೆ ಹೇಳಿ, ಬೈಟು ಕಾಫಿ ಕುಡಿಯಿರಿ. ಮೊಣಕೈವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಜುಗಳ ನಡುವೆ ನುಗ್ಗಿ ಬರುವ ಮಾಣಿಯನ್ನು ನೋಡುವುದಕ್ಕಾದರೂ ಹೋಗಬೇಕು. ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ, ಯಾಕೆಂದರೆ ಕತ್ತಲಾದ ಮೇಲೆ ವಿ.ವಿ. ಪುರಂ ತಿಂಡಿ ಬೀದಿ ಇದೆ. ಸೀಸನ್ನಿನಲ್ಲಿ ಅವರೆಕಾಳು ದೋಸೆ, ಅವರೆಕಾಳು ರೊಟ್ಟಿ ತಿನ್ನಿ. ಮೇಳದಲ್ಲಿ ಅವರೆಬೇಳೆ ಜಾಮೂನು, ಜಿಲೇಬಿ ಕೂಡ ಮಾಡುತ್ತಾರೆ. ಕುತೂಹಲಕ್ಕೆ ಒಂದು ತುಂಡು ಸಾಕು, ಅವರೆಗೆ ಖಾರವೇ ಸರಿ.

ಎರಡನೇ ದಿನ: ಹೂವು, ಬೆಣ್ಣೆ, ಸೊಗಡು

ಬೆಳಕು ಹರಿಯುವಾಗಲೇ ಕೆ.ಆರ್. ಮಾರ್ಕೆಟ್ಟಿನಲ್ಲಿರಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಆಟೊ ಹಿಡಿಯಿರಿ. ಸೇವಂತಿಗೆ, ಕನಕಾಂಬರದ ಗುಡ್ಡೆಗಳ ಫೋಟೊ ಮೇಲಿನ ಮಹಡಿಯಿಂದ ಚೆನ್ನಾಗಿ ಬರುತ್ತದೆ. ಕೆಳಗೆ ದಾರಿಯಲ್ಲಿ ನಿಂತು ತೆಗೆದರೆ ಮೂಟೆ ಹೊತ್ತವರ ಹತ್ತಿರ ಬೈಸಿಕೊಳ್ಳುತ್ತೀರಿ. ಅಲ್ಲಿಂದ ಟಿಪ್ಪು ಬೇಸಿಗೆ ಅರಮನೆ ನಡೆಯುವ ದೂರ. ತೇಗದ ಕಂಬಗಳನ್ನು ನೋಡಿ, ಮೆಟ್ರೊದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಹೋಗಿ ಮಲ್ಲೇಶ್ವರದಲ್ಲಿ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ತಿನ್ನಿ. ಆಮೇಲೆ ಎಂಟನೇ ಕ್ರಾಸ್‌ನಲ್ಲಿ ಸುಮ್ನೆ ಅಡ್ಡಾಡಿ.

ಊರಿಗೆ ಹೊರಡುವ ಮುಂಚೆ ಅವರೆಕಾಯಿ. ಸೀಸನ್ನಿನಲ್ಲಿ ಮಾರುಕಟ್ಟೆಗಳ ಬದಿಯಲ್ಲಿ ರಾಶಿ ಹಾಕಿರುತ್ತಾರೆ. 'ಅಕ್ಕ, ಸೊಗಡು ಇದೆಯಾ?' ಅಂತ ಕೇಳಿದರೆ 'ಮೂಸಿ ನೋಡಪ್ಪ' ಎನ್ನುತ್ತಾರೆ. ನಿಜವಾಗಿಯೂ ಮೂಸಿ. ಒಳ್ಳೆಯ ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತಬೇಕು, ಕೈ ತೊಳೆದರೂ ವಾಸನೆ ಸ್ವಲ್ಪ ಉಳಿಯಬೇಕು. ಇಬ್ಬನಿ ಚೆನ್ನಾಗಿ ಬಿದ್ದ ಕಾಯಿಗೆ ಸೊಗಡು ಜಾಸ್ತಿ ಅಂತ ರೈತರು ಹೇಳುತ್ತಾರೆ. ಹೊಟ್ಟೆ ಉಬ್ಬಿದ, ತೂತಿಲ್ಲದ ಕಾಯಿ ಆರಿಸಿ. ತೂತಿದ್ದರೆ ಒಳಗೆ ಹುಳ. ಸಿಪ್ಪೆಯ ತೂಕವೇ ಜಾಸ್ತಿ, ಆದ್ದರಿಂದ ಒಂದು ಕೆ.ಜಿ. ಅಂತ ಜಿಪುಣತನ ಮಾಡಬೇಡಿ. ಮನೆಯಲ್ಲಿ ಕಾಳು ಬಿಡಿಸಿ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎರಡು ಬೆರಳ ನಡುವೆ ಹಿತುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಸಾರಿಗೆ ಅದೇ ಬೇಕು.

ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್ ಒಂದೇ ಸ್ಟಾಪು. ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ರಾತ್ರಿ ಬಸ್ಸಿನಲ್ಲಿ ಬೆವೆತು ಕಪ್ಪಾಗುತ್ತದೆ. ಬಟ್ಟೆ ಚೀಲದಲ್ಲಿ ಹಾಕಿ ಕಾಲ ಬಳಿ ಇಟ್ಟುಕೊಳ್ಳಿ. ಪಕ್ಕದ ಸೀಟಿನವರಿಗೆ ವಾಸನೆ ಬಂದರೆ ಬರಲಿ, ಅವರೂ ಎಲ್ಲಿ ಸಿಕ್ಕಿತು ಅಂತಲೇ ಕೇಳುತ್ತಾರೆ.